ಗುಬ್ಬಿಗೂ ಕುಣಿಗಲ್ಲಿಗೂ ಒಂದೇ ಸಾರು

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ಉಂಡು ಮಲಗಿ ಎದ್ದರೂ ಮುಗಿಯದವು ತುಮಕೂರು ಕೋರ್ಟಿಗೆ ಬರುತ್ತಿದ್ದವು. ನನ್ನ ವಕೀಲಿಕೆಯುದ್ದಕ್ಕೂ ನಗುವಿಗೆ ಬರ ಬಂದಿಲ್ಲವೆಂದರೆ ಅದಕ್ಕೆ ಆ ಜಗಳಗಳೇ ಕಾರಣ.

ಸೀನಿಯರ್ ಸಾರು

ತೊಂಬತ್ತರ ದಶಕದ ಮೊದಲಲ್ಲಿ ನಾನು ಒಬ್ಬ ಸೀನಿಯರ್ ವಕೀಲರ ಜೂನಿಯರ್. ಮಾನಸಿಕ ಕ್ರೌರ್ಯದ ಮೇಲೆ ವಿಚ್ಛೇದನ ಕೇಳಿದರೆ, ಆದ ಕ್ರೌರ್ಯ ಏನು ಅಂತ ಅರ್ಜಿಯಲ್ಲಿ ವಿವರ ಬರೆಯಬೇಕು. ಸೀನಿಯರ್ ಅದಕ್ಕೆ ಒಂದೇ ಪ್ಯಾರಾ ಇಟ್ಟುಕೊಂಡಿದ್ದರು: 'ನೆಂಟರ ಎದುರಿಗೆ ಅರ್ಜಿದಾರನ ತಟ್ಟೆ ಕಿತ್ತುಕೊಂಡು, ಹುರುಳಿಕಾಳು ಸಾರನ್ನು ಅಂಗಳಕ್ಕೆ ಚೆಲ್ಲಿ ಅವಮಾನಿಸಿದಳು.' ಗಂಡ ಯಾರೇ ಬರಲಿ, ಹೆಸರು, ಊರು ಬದಲಾಯಿಸಿ ಟೈಪ್ ಮಾಡಿಸುವುದು ನನ್ನ ಕೆಲಸ.

ಒಂದು ಸೋಮವಾರ ನಮ್ಮ ಮೂರು ಅರ್ಜಿ ಒಟ್ಟಿಗೆ ಬೆಂಚಿಗೆ ಹೋದವು. ಜಡ್ಜ್ ಓದಿ ಕನ್ನಡಕ ತೆಗೆದರು.

"ಏನ್ರೀ ಇದು? ಗುಬ್ಬೀಲೂ ಹುರುಳಿಕಾಳು ಸಾರು, ಕುಣಿಗಲ್ಲಲ್ಲೂ ಹುರುಳಿಕಾಳು ಸಾರು, ಹೆಬ್ಬೂರಲ್ಲೂ ಅದೇ. ನಿಮ್ ಕ್ಲೈಂಟ್ ಮನೆಗಳಲ್ಲಿ ಬೇರೆ ಏನೂ ಮಾಡಲ್ವಾ?"

ಸೀನಿಯರ್ ಕೋಟು ಸರಿಮಾಡಿಕೊಂಡು ಎದ್ದರು. "ತಪ್ಪಾಯ್ತು ಮಹಾಸ್ವಾಮಿ. ಹೆಬ್ಬೂರಿನದನ್ನ ಬಸ್ಸಾರು ಅಂತ ತಿದ್ತೀವಿ."

ಹೆತ್ತ ಸಾಕ್ಷಿ

ಅಂದಿನಿಂದ ಜಡ್ಜ್ ನಮ್ಮನ್ನು ನಂಬಲಿಲ್ಲ. ಪ್ರತಿಯೊಂದಕ್ಕೂ ಸಾಕ್ಷಿ ಬೇಕು. ಹೆಂಡತಿಯ ಗೊಣಗಾಟದಿಂದ ತಲೆ ಕೆಟ್ಟಿದೆ ಅಂತ ಬಂದಿದ್ದ ಗುಬ್ಬಿಯ ಕೊಬ್ಬರಿ ವ್ಯಾಪಾರಿ, ಹೆತ್ತ ತಾಯಿಯನ್ನೇ ಕಟಕಟೆ ಹತ್ತಿಸಿದ. ಹೆಂಡತಿಯ ಕಡೆ ವಕೀಲರು ಪಾಟೀಸವಾಲು ಶುರುಮಾಡಿದರು.

"ಏನಜ್ಜಿ, ಸೊಸೆ ಗೊಣಗೋದನ್ನ ನೀವು ಕಿವಿಯಾರೆ ಕೇಳಿದೀರಾ?"

"ಕೇಳಿವ್ನಿ ಸ್ವಾಮಿ, ದಿನಾ ಕೇಳಿವ್ನಿ."

ನಮ್ಮ ಕ್ಲೈಂಟ್ ಮೀಸೆ ಮೇಲೆ ಕೈಯಾಡಿಸಿದ.

"ಆಗ ನೀವೇನ್ ಮಾಡ್ತಿದ್ರಿ?"

"ಇವನ್ ಮಾಡಿದ್ ತಪ್ಪಲ್ಲಿ ಅವ್ಳು ಮರ್ತಿದ್ದನ್ನ ನಾನು ಜ್ಞಾಪುಸ್ತಿದ್ದೆ."

ಸೈನ್ ಎಲ್ಲಿ?

ಎರಡು ಸಾವಿರದ ಇಸವಿ ಕಳೆದ ಮೇಲೆ ನಾನೇ ತುಮಕೂರಿನ ಸದಾಶಿವನಗರದ ಮನೆಯ ಮುಂದಿನ ರೂಮಲ್ಲಿ ಆಫೀಸು ತೆರೆದೆ. ಕುಣಿಗಲ್ ಕಡೆಯ ಟೀಚರಮ್ಮ ಒಬ್ಬರು ಬಂದರು.

"ಸಾಕಾಗೋಗಿದೆ ಸಾರ್. ಡೈವೋರ್ಸ್ ಕೊಡ್ಸಿ."

"ಯಜಮಾನ್ರು ಹೊಡೀತಾರೇನಮ್ಮ?"

"ಇಲ್ಲ."

"ಕುಡೀತಾರಾ?"

"ಕಾಫಿ."

"ಮತ್ತೆ?"

"ಮನೇಲಿ ನಾನೊಬ್ಳಿದೀನಿ ಅನ್ನೋದೇ ಅವ್ರಿಗೆ ಗೊತ್ತಿಲ್ಲ ಸಾರ್" ಅಂದವರು ಅತ್ತೇಬಿಟ್ಟರು.

ನನಗೂ ಸಂಕಟವಾಯಿತು. ಆದರೆ ಒಂದು ಸಾಲಿನ ಮೇಲೆ ಅರ್ಜಿ ನಿಲ್ಲುವುದಿಲ್ಲ. ವಿವರ ಎಲ್ಲಿಂದ ತರುವುದು ಅಂತ ಕೂತಾಗ, ನನ್ನ ಹೆಂಡತಿ ಹತ್ತು ವರ್ಷದಿಂದ ನನ್ನ ಬಗ್ಗೆ ಹೇಳುತ್ತಾ ಬಂದದ್ದೆಲ್ಲ ನೆನಪಾಗಿ ಪೆನ್ನು ತಾನಾಗಿ ಓಡಿತು. ಮಾತಾಡಿಸಿದರೆ ಪೇಪರ್ ಹಿಂದಿನಿಂದ ಬರೀ 'ಹೂಂ'. ಒದ್ದೆ ಟವೆಲ್ ಹಾಸಿಗೆ ಮೇಲೆ. ಹೆಂಡತಿಯ ಅಣ್ಣ ಬಂದ ಗಳಿಗೆಗೇ ಕಕ್ಷಿದಾರರು ಕಾಯ್ತಿದಾರೆ ಅಂತ ಎದ್ದು ಹೋಗುವುದು. ಮೂರು ಪುಟವಾಯಿತು.

ಮುಂದಿನ ವಾರ ಟೀಚರಮ್ಮ ಅದನ್ನು ಓದುತ್ತಾ ಹುಬ್ಬೇರಿಸಿದರು. "ನಮ್ಮೆಜಮಾನ್ರು ಬ್ಯಾಂಕಲ್ಲಿರೋದು ಸಾರ್. ಕಕ್ಷಿದಾರರು ಎಲ್ಲಿಂದ ಬಂದ್ರು?"

ನಾನು ಕೆಮ್ಮಿದೆ.

ಅವರು ಪೂರ್ತಿ ಓದಿ ಹಾಳೆಗಳನ್ನು ಕುರ್ಚಿ ಮೇಲಿಟ್ಟರು. "ಇದ್ಯಾರೋ ಏನೋ, ಪಾಪ ಅವನ್ ಹೆಂಡ್ತಿ. ನಮ್ಮೋರು ಇಷ್ಟು ಕೆಟ್ಟೋರಲ್ಲ ಬುಡಿ. ಇನ್ನೊಂದ್ಸಲ ಕೂರ್ಸಿ ಮಾತಾಡ್ತೀನಿ" ಎಂದು ಕುಣಿಗಲ್ ಬಸ್ಸಿಗೆ ಹೊರಟೇಹೋದರು.

ಒಂದು ಸಂಸಾರ ಉಳಿಸಿದೆ ಅಂತ ಬೀಗುತ್ತಾ ಅವರನ್ನು ಗೇಟಿನ ತನಕ ಕಳಿಸಿ ಒಳಗೆ ಬಂದೆ. ಕಾಫಿ ಲೋಟ ತೆಗೆಯಲು ಬಂದಿದ್ದ ನನ್ನ ಹೆಂಡತಿ ಅದೇ ಕುರ್ಚಿಯಲ್ಲಿ ಕೂತು ಕೊನೇ ಪುಟ ಓದುತ್ತಿದ್ದಳು.

"ರೀ, ಇಷ್ಟು ವರ್ಷ ಹೂಂ ಹೂಂ ಅಂತಿದ್ರಲ್ಲ, ಎಲ್ಲಾ ಕೇಳಿಸ್ಕೊಂಡೇ ಇದ್ರಾ?"

ನಿಜವಾಗಿ ನಾಚಿಕೆಯಾಯಿತು. ಬಾಯಿಂದ ಬಂದದ್ದು ಮಾತ್ರ, "ಹೂಂ."

ಅವಳು ನನ್ನ ಜೇಬಿನ ಪೆನ್ನಿಗೇ ಕೈ ಹಾಕಿದಳು. "ಸೈನ್ ಎಲ್ಲಿ ಹಾಕ್ಬೇಕು, ಹೇಳಿ."