ಮೊಮ್ಮಗಳ ಹೆಸರೂ ನನ್ನ ಕೆಮ್ಮೂ

ನೀಲಗಿರಿಯಲ್ಲಿ ಹುಟ್ಟಿ ಬೆಳೆದವನ ಹತ್ತಿರ ರೋಗ ಸುಳಿಯುವುದಿಲ್ಲ ಎಂಬುದು ನನ್ನ ಸಿದ್ಧಾಂತ. ಎದೆಗೆ ನೀಲಗಿರಿ ಎಣ್ಣೆ, ಹೊಟ್ಟೆಗೆ ಮೆಣಸಿನ ಕಷಾಯ. ಇನ್ನೇನು ಬೇಕು!

ಹಾಗಾಗಿ ಮಂಜೂರಿನಿಂದ ಮಗಳು ಫೋನ್ ಮಾಡಿ, ಪಾಪುವನ್ನು ಎತ್ತಿಕೊಳ್ಳುವವರೆಲ್ಲ ಫ್ಲೂಗೂ ನಾಯಿಕೆಮ್ಮಿಗೂ ಮೊದಲೇ ಚುಚ್ಚುಮದ್ದು ಹಾಕಿಸಿಕೊಳ್ಳಬೇಕಂತೆ ಎಂದಾಗ ನಕ್ಕುಬಿಟ್ಟೆ. ಹೆಂಡತಿ ಕೋತಗಿರಿಗೆ ಹೋಗಿ ಹಾಕಿಸಿಕೊಂಡು ಬಂದಳು. ನಾನೂ ಹೊರಟವನೇ. ಅಷ್ಟರಲ್ಲಿ ಚಹಾ ಎಲೆಯನ್ನು ಫ್ಯಾಕ್ಟರಿಗೆ ಹಾಕುವ ರಾಜಕಾರ್ಯ ನೆನಪಾಯಿತು. ಆ ವಾರವಿಡೀ ನೆನಪಾಗುತ್ತಲೇ ಇತ್ತು. ನಿಜ ಹೇಳುವುದಾದರೆ, ಸೂಜಿ, ನಮ್ಮ ಕಡೆಯ ಊಸಿ, ಕಂಡರೆ ನನ್ನ ಕೈಕಾಲು ತಣ್ಣಗಾಗುತ್ತದೆ.

ಬೀಗರು ದೊಡ್ಡ ಮನಸ್ಸು ಮಾಡಿ, ನಾಮಕರಣದಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಮೊದಲು ಹೆಸರು ಕರೆಯುವ ಗೌರವವನ್ನು ನನಗೇ ಬಿಟ್ಟಿದ್ದರು. ಹೆಸರನ್ನು ಮಗಳು ಯಾರಿಗೂ ಹೇಳಿರಲಿಲ್ಲ. ಕರೆಯುವ ಹೊತ್ತಿಗೆ ನಿನ್ನ ಕಿವಿಯಲ್ಲಿ ಹೇಳುತ್ತೇನೆ ಅಂದಿದ್ದಳು.

ನಾಮಕರಣದ ಹಿಂದಿನ ದಿನ ಗಂಟಲು ಕೆರೆಯಿತು. ಬೆಳಗಾಗುವಷ್ಟರಲ್ಲಿ ಕೆಮ್ಮು. ಹೋಗುವುದು ಬೇಡ ಎಂದು ಹೆಂಡತಿ ಬೇಡಿಕೊಂಡಳು. ನಾನು ಎಣ್ಣೆ ಹಚ್ಚಿ, ಕಷಾಯ ಕುಡಿದು, ಪೇಟ ಸುತ್ತಿ, ಅವಳನ್ನೂ ಕರೆದುಕೊಂಡು ಹೊರಟೆ.

ಬೀಗರ ಮನೆಯಲ್ಲಿ ಚಿಕ್ಕವರೆಲ್ಲ ನಮ್ಮ ಪದ್ಧತಿಯಂತೆ ಸಾಲಾಗಿ ಬಂದು ತಲೆಬಾಗಿದರು. ಹಿರಿಯನಾದ ನಾನು ಗಂಭೀರವಾಗಿ ತಲೆ ಮುಟ್ಟಿ ಹರಸತೊಡಗಿದೆ. ಅಳಿಯನ ತಲೆಯ ಮೇಲೆ ಕೈಯಿಟ್ಟು "ನೂರು ವರ್ಷ" ಎನ್ನುವಷ್ಟರಲ್ಲಿ, ಬೆಳಗಿನಿಂದ ತಡೆದಿದ್ದ ಕೆಮ್ಮೆಲ್ಲ ಒಟ್ಟಿಗೇ ಬಂತು. ಅಳಿಯ ಹಿಂದಕ್ಕೆ ಹಾರಿದ. ಪೇಟ ಉರುಳಿ ಹೋಯಿತು. ಸಾಲು ಚದುರಿತು!

ಮಗಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅಪ್ಪಾ, ಪಾಪುಗೆ ಇನ್ನೂ ಆ ಊಸಿ ಹಾಕೋ ವಯಸ್ಸಾಗಿಲ್ಲ. ಅದಕ್ಕೇ ನಿಂಗೆ ಹಾಕಿಸ್ಕೋ ಅಂದೆ," ಎಂದಳು. ಅವಳ ಕಣ್ಣು ತುಂಬಿತ್ತು. ನಾನೇ ಎದ್ದು ಹೊರಗೆ ಹೋದೆ.

ಮುಚ್ಚಿದ ಕಿಟಕಿಯ ಗಾಜಿನಾಚೆ, ಚುಚ್ಚುಮದ್ದು ಹಾಕಿಸಿಕೊಂಡಿದ್ದ ಬೀಗರು ಮಗುವನ್ನು ತೊಡೆಯ ಮೇಲಿಟ್ಟುಕೊಂಡರು. ಮಗಳು ಅವರ ಕಿವಿಯ ಬಳಿ ಬಾಗಿದಳು. ಅವರ ತುಟಿ ಅಲುಗಿತು, ಒಳಗಿದ್ದವರೆಲ್ಲ ನಕ್ಕರು. ನಾನು ಅಂಗಳದ ಚಳಿಯಲ್ಲಿ ಕೆಮ್ಮುತ್ತಾ ನಿಂತಿದ್ದೆ. ಅಂಥ ದುಃಖ ನನಗೆ ಈಚೆಗೆ ಆಗಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಮುಖಕ್ಕೆ ಟವೆಲು ಕಟ್ಟಿಕೊಂಡು, ನಮ್ಮ ಮೊಮ್ಮಗಳ ಹೆಸರೇನು ಎಂದು ಹೆಂಡತಿಯನ್ನು ಕೇಳಿದೆ. ಮುಂದಿನ ಸೀಟಿನವರು ತಿರುಗಿ ನನ್ನನ್ನೇ ನೋಡಿದರು.