ಗಾಲ್ಫ್ ತೆಗ್ಗಿನ ಸುತ್ತ ನಮ್ಮೂರ ಆಟಗಳು

ಒಂದು ಆಟ ಮೈಗೆ ಹತ್ತಿದರೆ ಸಾಯುವ ತನಕ ಬಿಡುವುದಿಲ್ಲ. ಬೇರೆ ಆಟಕ್ಕೆ ಹೋದರೂ ಬೆನ್ನು ಹತ್ತಿ ಬಂದು ಮಾನ ಕಳೆಯುತ್ತದೆ. ಇಂಥದ್ದನ್ನು ನಾನು ಆಗಾಗ ನೋಡುತ್ತಲೇ ಇರುತ್ತೇನೆ. ದೇವದುರ್ಗದ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರನಾಗಿ ನಿವೃತ್ತನಾದ ಮೇಲೆ, ರಾಯಚೂರಿನ ಹೊರಗೆ ಒಂದು ಕಾರ್ಖಾನೆಯ ಕಾಲೋನಿಯಲ್ಲಿ ಗಾಲ್ಫ್ ಮೈದಾನ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಮೈದಾನ ಅಂದರೆ ಕಲ್ಲು, ಜಾಲಿ, ಮತ್ತೆ ಕಲ್ಲು. ನಮ್ಮ ಬಿಸಿಲಿಗೆ ಹುಲ್ಲು ಬದುಕುವುದಿಲ್ಲವೆಂದು, ಚೆಂಡು ಬೀಳಬೇಕಾದ ತೆಗ್ಗಿನ ಸುತ್ತ ಎಣ್ಣೆ ಕಲಸಿದ ಮರಳು ಹಾಸಿದ್ದಾರೆ.

ಅಲ್ಲಿಗೆ ನನ್ನ ಗೆಳೆಯನನ್ನೂ ಎಳೆದುಕೊಂಡು ಹೋಗುತ್ತಿದ್ದೆ. ಹರೆಯದಲ್ಲಿ ಅವನು ಮಾನ್ವಿ ಕಬಡ್ಡಿ ತಂಡದ ರೈಡರ್, ನಾನು ದೇವದುರ್ಗ ತಂಡದಲ್ಲಿ ಕಾಲು ಹಿಡಿಯುವವನು. ಅವನ ಕಾಲು ಹಿಡಿದು ಹಿಡಿದೇ ಸ್ನೇಹವಾದದ್ದು. ಹೆಂಡತಿ ತೀರಿಕೊಂಡ ಮೇಲೆ ಅವನು ಮಾತೇ ಬಿಟ್ಟ. ಬೇಕೆಂದರೂ ತಲೆ ಅಲ್ಲಾಡಿಸುವುದು, ಬೇಡವೆಂದರೂ ತಲೆ ಅಲ್ಲಾಡಿಸುವುದು. ಮಗಳು ನನ್ನೆದುರು ಕಣ್ಣೀರು ಹಾಕಿದಳು: "ಕಾಕಾ, ಅಪ್ಪನ ಬಾಯಾಗಿಂದ ಒಂದ ಮಾತು ಹೊರಡಸ್ರಿ. ಬೈದ್ರೂ ಆತು, ಬೈಲಿ."

ನನ್ನ ಜಾಣತನ ನೋಡಿ. ಮಾತಾಡಿಸಬೇಕಾದವನನ್ನು ಕರೆದೊಯ್ದದ್ದು, ಒಬ್ಬ ಹೊಡೆಯುವಾಗ ಉಳಿದವರು ಕೆಮ್ಮಲೂ ಬಾರದಂಥ ಆಟಕ್ಕೆ.

ಕ್ಯಾಚು

ಕಾರ್ಖಾನೆಯ ದೊಡ್ಡ ಸಾಹೇಬರು ಬೆಂಗಳೂರು ಕಡೆಯವರು. ಅವರು ಹೊಡೆದ ಚೆಂಡು ದಿನವೂ ಜಾಲಿಗೇ ಹೋಗುತ್ತಿತ್ತು. ಒಂದು ದಿನ ಏನಾಯಿತೋ, ನೆಟ್ಟಗೆ ಎದ್ದು ನೆಟ್ಟಗೆ ಹೋಯಿತು. ಮುಂದೆ ನಿಂತಿದ್ದ ಆಫೀಸಿನ ಕ್ಲಾರ್ಕ್ ಭಾನುವಾರದ ಕ್ರಿಕೆಟ್ ಆಡುವವನು. ಚೆಂಡು ಕಂಡದ್ದೇ ಓಡಿದ, ಹಾರಿದ, ಹಿಡಿದ. ಮೇಲಕ್ಕೆ ಎಸೆದು ಕೂಗಿದ: "ಔಟ್ ರೀ ಸಾಹೇಬ್ರ!"

ಸಾಹೇಬರು ಕುಸಿದು ಕೂತರು. "ನನ್ನ ಜನ್ಮದಲ್ಲಿ ನೆಟ್ಟಗೆ ಹೋದದ್ದು ಅದೊಂದೇ ಕಣಯ್ಯಾ."

ಕ್ಲಾರ್ಕ್ ಊದಿದ ಕೈಯನ್ನು ಊದಿಕೊಳ್ಳುತ್ತ ಅಂದ: "ನನ್ನ ಜನ್ಮದಾಗ ಹಿಡದದ್ದೂ ಇದೊಂದ ರೀ."

ಸಾಹೇಬರೂ ನಕ್ಕುಬಿಟ್ಟರು. ಗೆಳೆಯ ಮಾತ್ರ ಜಾಲಿಯ ಕಡೆ ನೋಡುತ್ತ ನಿಂತಿದ್ದ.

ಚಿಣ್ಣಿ ದಾಂಡು

ಪೋತ್ನಾಳದ ಅಕ್ಕಿ ಗಿರಣಿಯ ಧಣಿಯೊಬ್ಬರು ಸಾಹೇಬರ ಅತಿಥಿಯಾಗಿ ಬಂದರು. ಸಣ್ಣಂದಿನಲ್ಲಿ ಚಿಣ್ಣಿ ದಾಂಡಿನಲ್ಲಿ ಊರಿಗೇ ಹೆಸರಾದವರಂತೆ. ತೆಗ್ಗಿಗೆ ಬೆನ್ನು ಮಾಡಿ ನಿಂತು ಬೀಸಿದರು. ಚೆಂಡು ಕಾಂಪೌಂಡ್ ದಾಟಿ ಹತ್ತಿ ಹೊಲಕ್ಕೆ ಹೋಯಿತು. ಧಣಿ ಕೋಲಿನಿಂದ ನೆಲ ಅಳೆಯುತ್ತ ಅತ್ತಲೇ ಹೊರಟರು.

ನಾನು ಓಡಿ ಹೋಗಿ ತಡೆದೆ. "ಧಣ್ಯಾರ, ಚೆಂಡು ತೆಗ್ಗಿನಾಗ ಬೀಳಬೇಕ್ರಿ. ದೂರ ಹೋಗಬಾರ್ದು."

ಅವರಿಗೆ ಸಿಟ್ಟೇ ಬಂತು. "ಏನ್ ಮಾಸ್ತರ, ನನಗ ಆಟ ಕಲಸ್ತೀಯೇನು? ತೆಗ್ಗಿನಿಂದ ದೂರ ಹೊಡಿಯೋದು ಆಟ. ತೆಗ್ಗಿನಾಗ ಹಾಕೋದು ಹೆಣ!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಆಮೇಲೆ ಗೆಳೆಯನ ನೆನಪಾಗಿ ತಿರುಗಿದರೆ, ಅವನು ತೆಗ್ಗನ್ನೇ ನೋಡುತ್ತಿದ್ದ. ಹೆಂಡತಿಗೆ ಮಣ್ಣು ಹಾಕಿ ವರ್ಷವೂ ತುಂಬಿರಲಿಲ್ಲ. ಆ ದಿನ ಮಾನ್ವಿಯ ತನಕ ಬಸ್ಸಿನಲ್ಲಿ ಅವನ ಪಕ್ಕ ಕೂತು ಹೋದೆ.

ಕಬಡ್ಡಿ

ಸಾಹೇಬರಿಗೆ ವರ್ಗವಾಯಿತು. ಬೀಳ್ಕೊಡುಗೆಯ ಪಂದ್ಯಕ್ಕೆ ಒಬ್ಬರು ಕಡಿಮೆ ಬಿದ್ದರೆಂದು ಗೆಳೆಯನ ಕೈಗೂ ಕೋಲು ಕೊಟ್ಟರು. ಕೊನೆಯ ತೆಗ್ಗು. ಅವನ ಚೆಂಡು ಎರಡು ಮಾರು ದೂರದಲ್ಲಿತ್ತು. ನಾನು ಮರಳು ಸಮ ಮಾಡಿ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದೆ. ಎಲ್ಲೆಲ್ಲೂ ಗಪ್‌ಚುಪ್.

ಗೆಳೆಯ ಬಗ್ಗಿದ. ತುಟಿ ಅಲುಗಿತು. ದೇವರ ನೆನೆಯುತ್ತಿದ್ದಾನೆ ಅಂದುಕೊಂಡೆ. ಕಿವಿಗೊಟ್ಟರೆ ಒಂದೇ ಉಸಿರಿನಲ್ಲಿ ಸಣ್ಣಗೆ, "ಕಬಡ್ಡಿ ಕಬಡ್ಡಿ ಕಬಡ್ಡಿ..." ಚೆಂಡು ತಳ್ಳಿದವನು ನಿಲ್ಲಲಿಲ್ಲ, ಅದರ ಬೆನ್ನ ಹಿಂದೆಯೇ ಜಾರುಗಾಲಿನಲ್ಲಿ ಹೊರಟ. ಅವನ ಹಿಮ್ಮಡಿ ನನ್ನ ಮೂಗಿನ ಮುಂದೆ ಹಾದುಹೋಯಿತು. ನನ್ನ ಕೈ ನನ್ನ ಮಾತು ಕೇಳಲಿಲ್ಲ. ಕಾಲು ಹಿಡಿದೇಬಿಟ್ಟೆ.

ದೊಪ್ಪನೆ ಬಿದ್ದ. ಉಸಿರು ಬಿಡಲಿಲ್ಲ. "ಕಬಡ್ಡಿ ಕಬಡ್ಡಿ" ಅನ್ನುತ್ತಲೇ ಎಣ್ಣೆ ಮರಳಿನಲ್ಲಿ ನನ್ನನ್ನೂ ಎಳೆದುಕೊಂಡು ತೆವಳಿದ, ನಡುಗೆರೆ ಮುಟ್ಟುವವನ ಹಾಗೆ ತೆಗ್ಗಿನ ಅಂಚಿಗೆ ಕೈ ಚಾಚಿದ. ಬೆರಳು ತಗುಲಿ ಚೆಂಡು ತೆಗ್ಗಿಗೆ ಬಿತ್ತು.

"ಗೆರಿ ಮುಟ್ಟೀನಿ ಲೇ! ನೀ ಔಟ್!"

ಎಷ್ಟೋ ತಿಂಗಳ ಮೇಲೆ ಗೆಳೆಯನ ಬಾಯಿಂದ ಬಂದ ಮಾತು ಅದು. ಅವನು ಏದುಸಿರು ಬಿಡುತ್ತ ಅಂದ: "ಮುದಕ ಆಗೀದಿ. ಹಿಡತ ಸಡ್ಲಾಗೇದ. ಆಕಿ ಇದ್ದಿದ್ರ ನಕ್ಕ ನಕ್ಕ ಸಾಯ್ತಿದ್ಳು." ಅಂದವನು ತನ್ನ ಮಾತು ತಾನೇ ಕೇಳಿಸಿಕೊಂಡು ಗೊಳೋ ಎಂದು ಅತ್ತ. ನಾನು ಕಾಲು ಬಿಡದೆ ಹಾಗೇ ಅತ್ತೆ.

ಸಾಹೇಬರು ಮೆಲ್ಲಗೆ ಕೆಮ್ಮಿದರು. "ನೋಡಿ, ಕೈಯಿಂದ ಚೆಂಡು ಮುಟ್ಟಿದ್ದೀರಿ. ನೀವು ಆಟದಿಂದ ಹೊರಗೆ."

ಗೆಳೆಯ ಮುಖದ ಮರಳೊಂದಿಗೇ ಎದ್ದು ನಿಂತ. "ಏನ್ರೀ ಸಾಹೇಬ್ರ! ಉಸುರು ಬಿಡದ ಗೆರಿ ಮುಟ್ಟೀನಿ. ಔಟ್ ಆದಂವ ಇಂವ. ಈ ಮಗನ್ನ ಹೊರಗ ಹಾಕ್ರಿ!"

ನಾನು ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ಕೂತೆ. ಜಗಳ ಅಲ್ಲಿಗೂ ಕೇಳುತ್ತಿತ್ತು. ಅವನ ಮಗಳಿಗೆ ಫೋನ್ ಹಚ್ಚಿ, ಫೋನನ್ನು ಆ ಕಡೆಗೆ ಹಿಡಿದೆ.

"ಕಾಕಾ... ಅಪ್ಪ ಯಾರಿಗೆ ಬೈಯಾಕತ್ತಾನ?"

"ನನಗ ಬೇ ಯವ್ವಾ."

ಅಳುವೋ ನಗುವೋ, ಅವಳ ದನಿ ನಡುಗಿತು. "ಅಡ್ಡ ಬರಬ್ಯಾಡ್ರಿ ಕಾಕಾ. ಇನ್ನೊಂದೀಟು ಬೈಸಿಕೊಳ್ರಿ."