ಸುಮ್ಮನೆ ಕುಳಿತವರ ಪಟ್ಟಿ

ನಮ್ಮ ಚಿಕ್ಕಪ್ಪ ದಿನಕ್ಕೆ ಇಪ್ಪತ್ತಾರು ಗಂಟೆ ಕೆಲಸ ಮಾಡುತ್ತಾರೆ. ದಿನಕ್ಕಿರುವುದು ಇಪ್ಪತ್ತನಾಲ್ಕೇ ಗಂಟೆಯಲ್ಲವೇ ಎಂದು ನೀವು ತಕರಾರು ತೆಗೆಯಬಹುದು. ಮಿಕ್ಕ ಎರಡು ಗಂಟೆ ನಮ್ಮವು! ಬೆಳಗ್ಗೆ ಒಂದು, ಸಂಜೆ ಒಂದು ಎಂಬ ಲೆಕ್ಕದಲ್ಲಿ ನಮ್ಮಿಂದ ಕಿತ್ತುಕೊಂಡು, ಸಮಯ ಉಳಿಸುವುದು ಹೇಗೆಂದು ನಮಗೇ ಹೇಳಿಕೊಡಲು ಅದನ್ನು ಖರ್ಚು ಮಾಡುತ್ತಾರೆ. ಇಂಥ ಪರೋಪಕಾರಿ ಮೈಸೂರಿನಲ್ಲಿ ಇನ್ನೊಬ್ಬರಿದ್ದರೆ ದಯವಿಟ್ಟು ನನಗೆ ತಿಳಿಸಬೇಡಿ. ಒಬ್ಬರೇ ಸಾಕು.

ಲಷ್ಕರ್ ಮೊಹಲ್ಲಾದ ಒಂದು ಗಲ್ಲಿಯಲ್ಲಿ, ಪಾತ್ರೆ ಅಂಗಡಿಯ ಮಹಡಿಯ ಮೇಲೆ ನಮ್ಮ ಊದುಬತ್ತಿ ಕಾರ್ಖಾನೆಯಿದೆ. ಕಾರ್ಖಾನೆ ಎಂದೊಡನೆ ಚಿಮಣಿ, ಸೈರನ್ನು ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಎರಡು ಹಜಾರ, ಒಂದು ತಾರಸಿ, ಹನ್ನೊಂದು ಜನ ಹೆಂಗಸರು. ಕಡ್ಡಿಗೆ ಮಸಾಲೆ ಹತ್ತಿಸಬೇಕು, ಒಣಗಿಸಬೇಕು, ಸುಗಂಧದಲ್ಲಿ ಅದ್ದಬೇಕು, ಪೊಟ್ಟಣಕ್ಕೆ ತುಂಬಬೇಕು. ಇಷ್ಟೇ ಕೆಲಸ. ಮೂಲೆಯ ಮೇಜಿನಲ್ಲಿ ಫೋನು, ಆರ್ಡರು, ಬಿಲ್ಲು ನೋಡಿಕೊಳ್ಳುವವಳು ನಾನು. ಚಿಕ್ಕಪ್ಪ ಯಜಮಾನರು. ಹೋದ ವರ್ಷದವರೆಗೆ ಎಲ್ಲವೂ ಸರಿಯಾಗಿಯೇ ನಡೆಯುತ್ತಿತ್ತು. ಹಾಗೆ ನಡೆಯುತ್ತಿದೆಯೆಂದು ಯಾರೂ ಗಮನಿಸಿರಲಿಲ್ಲ, ಅಷ್ಟೆ.

ಕೆಟ್ಟದ್ದು ಗೋಕುಲಂನಲ್ಲಿ. ಅಲ್ಲಿ ವಿದೇಶದಿಂದ ಬಂದವರು ತಲೆ ಕೆಳಗೆ ಕಾಲು ಮೇಲೆ ಮಾಡಿ ನಿಲ್ಲುವ ಒಂದು ದೊಡ್ಡ ಹಾಲ್ ಇದೆ. ಅದೇ ಹಾಲಿನಲ್ಲಿ, ನಾಯಕರೂ ಅವರ ತಂಡದವರೂ ಕೆಲಸದ ಪ್ರತಿ ದಿನವನ್ನು ಹೇಗೆ ಸಾರ್ಥಕ ಮಾಡಿಕೊಳ್ಳಬೇಕು ಎಂದು ಎರಡು ದಿನದ ಶಿಬಿರ ನಡೆಯಿತು. ಪರಿಚಯದವರೊಬ್ಬರು ಪಾಸು ಕೊಟ್ಟರೆಂದು ಚಿಕ್ಕಪ್ಪ ಹೋದರು. ಹೋದವರು ಕಾಲ ಮೇಲೆ ನಿಂತೇ ವಾಪಸಾದರು, ಆದರೆ ಒಳಗೆ ಏನೋ ತಲೆಕೆಳಗಾಗಿತ್ತು. ಕೈಯಲ್ಲಿ ಒಂದು ದಪ್ಪ ಫೈಲು, ಕೊರಳಲ್ಲಿ ಒಂದು ಪೀಪಿ. ಫೈಲು ಶಿಬಿರದಲ್ಲಿ ಕೊಟ್ಟದ್ದು. ಪೀಪಿ ಅವರ ಸ್ವಂತ ಪ್ರತಿಭೆ. ಅಲ್ಲಿಯತನಕ 'ಹೆಂಗಸರು' ಆಗಿದ್ದ ನಾವೆಲ್ಲ ಸೋಮವಾರದಿಂದ 'ತಂಡ'ವಾದೆವು. ಸಂಬಳ ಮಾತ್ರ ಹೆಂಗಸರದ್ದೇ ಉಳಿಯಿತು.

ಮೊದಲು ಬಂದದ್ದು ನಿಂತುಕೊಂಡೇ ಮಾಡುವ ಮೀಟಿಂಗು. ಕೂತು ಮಾತಾಡಿದರೆ ಮಾತು ಬೆಳೆಯುತ್ತದಂತೆ. ನಿಂತರೆ ಕಾಲು ನೋಯುತ್ತದೆ, ಹತ್ತೇ ನಿಮಿಷದಲ್ಲಿ ಮುಗಿಯುತ್ತದಂತೆ. ಒಳ್ಳೆಯ ಉಪಾಯವೇ! ಆದರೆ ಚಿಕ್ಕಪ್ಪನಿಗೆ ಮಂಡಿನೋವು. ಹಾಗಾಗಿ ನಾವೆಲ್ಲ ನಿಂತೆವು, ಅವರೊಬ್ಬರು ಕುರ್ಚಿ ಹಾಕಿಸಿಕೊಂಡು ಕೂತರು. ಇನ್ನು ಮೀಟಿಂಗು ಮುಗಿಯುವುದಾದರೂ ಯಾಕೆ? ಒಂಬತ್ತಕ್ಕೆ ಶುರುವಾದದ್ದು ಹತ್ತೂಕಾಲಾದರೂ ಮುಗಿಯುತ್ತಿರಲಿಲ್ಲ. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ನನಗಿರುವ ಅಡಚಣೆ ಏನು ಎಂದು ಪ್ರತಿಯೊಬ್ಬರೂ ಹೇಳಬೇಕು. ನಿನ್ನೆ ಕಡ್ಡಿ ತುಂಬಿದೆ, ಇವತ್ತೂ ಕಡ್ಡಿ ತುಂಬುತ್ತೇನೆ, ಅಡಚಣೆ ಅಂದರೆ ಈ ಮೀಟಿಂಗೇ ಎಂದು ಒಬ್ಬಾಕೆ ಮೂರನೆಯ ದಿನವೇ ಹೇಳಿಬಿಟ್ಟಳು. ಚಿಕ್ಕಪ್ಪ ಬಹಳ ಸಂತೋಷಪಟ್ಟು ಅದನ್ನು ಫೈಲಿನಲ್ಲಿ ಬರೆದುಕೊಂಡರು. ಆ ಅಡಚಣೆಯ ನಿವಾರಣೆಗೆ ಸಂಜೆ ಇನ್ನೊಂದು ಮೀಟಿಂಗು ಇಟ್ಟರು.

ಎರಡನೆಯದು, ದಿನದ ಅತ್ಯಂತ ಕಷ್ಟದ ಕೆಲಸವನ್ನು ಎಲ್ಲಕ್ಕಿಂತ ಮೊದಲು ಮಾಡಿ ಮುಗಿಸಬೇಕೆಂಬ ಸೂತ್ರ. ನಮಗೆ ರಟ್ಟಿನ ಡಬ್ಬ ಮಾಡಿಕೊಡುವ ಮಂಡಿ ಮೊಹಲ್ಲಾದವರೊಬ್ಬರಿದ್ದಾರೆ. ಅವರಿಗೂ ಚಿಕ್ಕಪ್ಪನಿಗೂ ಇಪ್ಪತ್ತು ವರ್ಷದ ಜಗಳ. ಚಿಕ್ಕಪ್ಪನ ಪಾಲಿಗೆ ಅವರೊಡನೆ ಮಾತಾಡುವುದಕ್ಕಿಂತ ಕಷ್ಟದ ಕೆಲಸ ಭೂಮಿಯ ಮೇಲಿಲ್ಲ. ಸರಿ, ಸೂತ್ರದ ಪ್ರಕಾರ ದಿನಾ ಮೊದಲು ಅವರಿಗೇ ಫೋನು! ಮೊದಲೆಲ್ಲ ತಿಂಗಳಿಗೊಮ್ಮೆ ಆಗುತ್ತಿದ್ದ ಜಗಳ ದಿನವಹಿ ಆಯಿತು. ಡಬ್ಬ ಬೇಕಿಲ್ಲದ ದಿನವೂ ಆಯಿತು. ಒಂದು ತಾಸು ಕೂಗಾಡಿ, ಮುಖವೆಲ್ಲ ಕೆಂಪಾಗಿ, ಮಧ್ಯಾಹ್ನದವರೆಗೆ ಬೇರೆ ಯಾವ ಕೆಲಸಕ್ಕೂ ಆಗದೆ ಒರಗಿಬಿಡುತ್ತಿದ್ದರು. ನಿಜ ಹೇಳಬೇಕೆಂದರೆ ಕಾರ್ಖಾನೆಯಲ್ಲಿ ಅಷ್ಟಿಷ್ಟು ಕೆಲಸ ಆಗುತ್ತಿದ್ದದ್ದು ಆ ಹೊತ್ತಿನಲ್ಲೇ.

ಮೂರನೆಯದು ಸಮಯದ ಸಮೀಕ್ಷೆ. ಯಾರು ಎಷ್ಟು ನಿಮಿಷ ಏನು ಮಾಡುತ್ತಾರೆ ಎಂದು ಒಂದು ವಾರ ಬರೆದಿಡಬೇಕಂತೆ. ಕೈಯಲ್ಲಿ ಮೊಬೈಲು, ಕಂಕುಳಲ್ಲಿ ನೋಟ್‌ಬುಕ್ಕು ಹಿಡಿದು ಚಿಕ್ಕಪ್ಪ ನಮ್ಮ ಬೆನ್ನ ಹಿಂದೆಯೇ ಓಡಾಡಿದರು. ನನ್ನ ಪುಟದಲ್ಲಿ 'ಕಿಟಕಿ ನೋಡಿದ್ದು: ಹನ್ನೊಂದು ನಿಮಿಷ' ಎಂದಿತ್ತು. ಇನ್ನೊಬ್ಬಾಕೆಯ ಪುಟದಲ್ಲಿ 'ನಕ್ಕದ್ದು: ಏಳು ಸಲ, ಕಾರಣ ತಿಳಿದಿಲ್ಲ' ಎಂದಿತ್ತು. ಕಾರಣ ನಮಗೆಲ್ಲರಿಗೂ ತಿಳಿದಿತ್ತು! ನಿಮ್ಮ ಸಮಯ ಬರೆಯುವವರು ಯಾರು ಚಿಕ್ಕಪ್ಪ ಎಂದು ನಾನು ಕೇಳಿದೆ. ಅವರು ಪ್ರಾಮಾಣಿಕರು, ಅದನ್ನಂತೂ ಒಪ್ಪಬೇಕು. ಆ ಕ್ಷಣವೇ ನನ್ನನ್ನೇ ನೇಮಿಸಿದರು. ಎರಡು ದಿನ ನಾನು ಫೋನು ಬಿಟ್ಟು, ಬಿಲ್ಲು ಬಿಟ್ಟು, ಅವರ ಹಿಂದೆ ತಿರುಗಿದೆ. 'ಬೇರೆಯವರು ಏನು ಮಾಡುತ್ತಾರೆಂದು ಬರೆದರು' ಎಂಬ ಒಂದೇ ಸಾಲು ನನ್ನ ಪುಸ್ತಕದ ತುಂಬ ಇತ್ತು.

ಇಲ್ಲಿಯವರೆಗೆ ನಗಬಹುದಿತ್ತು. ನಗು ನಿಂತದ್ದು ಅವರ ನೋಟ್‌ಬುಕ್ಕು ಪುಟ್ಟಮ್ಮನ ಹತ್ತಿರ ಬಂದಾಗ.

ಪುಟ್ಟಮ್ಮ ಇಲವಾಲದ ಕಡೆಯವರು. ಕಾರ್ಖಾನೆ ಶುರುವಾದ ದಿನದಿಂದ ಇರುವವರು ಅವರೊಬ್ಬರೇ. ಅವರ ಕೆಲಸ ಏನೆಂದರೆ, ಹೊಸದಾಗಿ ತಯಾರಾದ ಪ್ರತಿ ಬ್ಯಾಚಿನಿಂದ ಮೂರು ಕಡ್ಡಿ ತೆಗೆದು, ಗಾಳಿಯಾಡದ ಮೂಲೆಯಲ್ಲಿ ಮರಳು ತುಂಬಿದ ಡಬ್ಬದೊಳಗೆ ದೂರದೂರಕ್ಕೆ ಚುಚ್ಚಿ, ಹಚ್ಚಿ, ಅವು ಬುಡದತನಕ ಉರಿಯುವುದನ್ನು ನೋಡುತ್ತ ಕೂರುವುದು. ನಡುವೆ ಆರಿತೇ, ಬೂದಿ ಹೇಗೆ ಬಿತ್ತು, ಮೊದಲು ಯಾವ ವಾಸನೆ ಬಂತು, ಆಮೇಲೆ ಯಾವುದು, ಕೊನೆಗೆ ಕೋಣೆಯಲ್ಲಿ ಏನು ಉಳಿಯಿತು. ಒಂದು ಬ್ಯಾಚಿಗೆ ಮುಕ್ಕಾಲು ಗಂಟೆ. ಪುಟ್ಟಮ್ಮ ಹೂಂ ಅಂದರೆ ಪೊಟ್ಟಣಕ್ಕೆ, ಊಹೂಂ ಅಂದರೆ ಮತ್ತೆ ತಾರಸಿಗೆ. ಇದನ್ನು ಚಿಕ್ಕಪ್ಪ ಇಪ್ಪತ್ತು ವರ್ಷದಿಂದ ನೋಡುತ್ತಲೇ ಇದ್ದರು. ಆದರೆ ಈಗ ಕೈಯಲ್ಲಿ ನೋಟ್‌ಬುಕ್ಕು ಇತ್ತಲ್ಲ! 'ಎರಡರಿಂದ ಎರಡೂಮುಕ್ಕಾಲು: ಸುಮ್ಮನೆ ಕುಳಿತಿದ್ದಾರೆ' ಎಂದು ಬರೆದರು. 'ಎರಡೂಮುಕ್ಕಾಲರಿಂದ ಮೂರೂವರೆ: ಮತ್ತೆ ಸುಮ್ಮನೆ' ಎಂದು ಬರೆದರು. ವಾರದ ಕೊನೆಗೆ ಸುಮ್ಮನೆ ಕುಳಿತವರ ಪಟ್ಟಿ ಗೋಡೆಗೆ ಅಂಟಿತು. ಅದರಲ್ಲಿ ಮೊದಲ ಹೆಸರು ಪುಟ್ಟಮ್ಮನದು. ಹನ್ನೊಂದು ನಿಮಿಷದ ನಾನು ಎಲ್ಲೋ ಕೆಳಗಿದ್ದೆ.

ಸೋಮವಾರದಿಂದ ಪುಟ್ಟಮ್ಮನನ್ನು ಪೊಟ್ಟಣ ತುಂಬಲು ಕೂರಿಸಿದರು. ಅವರಿಗೆ ಹತ್ತಿರದ್ದು ಮಂಜು ಮಂಜು, ಬೆರಳೂ ಬಗ್ಗುವುದಿಲ್ಲ. ಪಕ್ಕದವರು ಐವತ್ತು ಪೊಟ್ಟಣ ತುಂಬುವ ಹೊತ್ತಿಗೆ ಇವರದು ಹದಿನೈದು. ಯಾರು ಎಷ್ಟು ಮಾಡಿದರೆಂದು ದಿನಾ ಸಂಜೆ ಬೋರ್ಡಿನ ಮೇಲೆ ಬರೆಯುತ್ತಿದ್ದರು. ದಿನಾ ಪುಟ್ಟಮ್ಮನ ಹೆಸರು ಕೊನೆಗೆ. ಓದಲು ಬಾರದಿದ್ದರೂ ಕೊನೆ ಎಂದರೆ ಏನೆಂದು ಅವರಿಗೆ ತಿಳಿಯದೇ?

ಒಂದು ದಿನ ನನ್ನ ಮೇಜಿನ ಹತ್ತಿರ ಬಂದು, "ಈ ತಿಂಗ್ಳು ಮುಗಿಸ್ಬುಟ್ಟು ನಿಂತ್ಕತೀನಿ ಕಣವ್ವ. ಕೂಸುಗಳ ಮುಂದೆ ದಿನಾ ಸೋಲಕ್ಕಾಗಾಕಿಲ್ಲ" ಎಂದರು.

ನನಗೆ ಮೈಯೆಲ್ಲ ಉರಿಯಿತು. ಚಿಕ್ಕಪ್ಪನ ಮುಂದೆ ಹೋಗಿ ನಿಂತು, ಪುಟ್ಟಮ್ಮ ಬಿಟ್ಟುಹೋದರೆ ನಿಮ್ಮ ಕಾರ್ಖಾನೆ ಮುಚ್ಚಿಕೊಂಡು ಹೋಗುತ್ತದೆ ಎಂದೆ. ಅವರು ಕೋಪಿಸಿಕೊಳ್ಳಲಿಲ್ಲ. ಫೈಲು ತೆರೆದು ಬಣ್ಣದ ಒಂದು ಚಿತ್ರ ತೋರಿಸಿದರು. ಅದರಲ್ಲಿ ದಿನದ ಪೊಟ್ಟಣಗಳ ಲೆಕ್ಕದ ಗೆರೆ ಮೇಲಕ್ಕೆ ಹೋಗುತ್ತಿತ್ತು. ಗೆರೆ ಮೇಲೆ ಹೋಗುತ್ತಿರುವಾಗ ಮನುಷ್ಯರ ಮಾತು ಕೇಳಬಾರದೆಂದು ಶಿಬಿರದಲ್ಲಿ ಹೇಳಿಕೊಟ್ಟಿರಬೇಕು.

ಕಡ್ಡಿ ಹಚ್ಚಿ ನೋಡುವ ಪರೀಕ್ಷೆಯನ್ನು ಅವರು ನಿಲ್ಲಿಸಲಿಲ್ಲ. ಸುಧಾರಿಸಿದರು! ಮೂರು ಕಡ್ಡಿಗೆ ಮುಕ್ಕಾಲು ಗಂಟೆ ಯಾಕೆ? ನಾಲ್ಕು ಬ್ಯಾಚಿನ ಹನ್ನೆರಡು ಕಡ್ಡಿಯನ್ನು ಒಂದೇ ಕಟ್ಟಾಗಿ ಕಟ್ಟಿ, ಒಂದೇ ಲೋಟದಲ್ಲಿ ನಿಲ್ಲಿಸಿ, ಒಂದೇ ಸಲ ಹಚ್ಚಿ, ಮೊಬೈಲಿನಲ್ಲಿ ಅಲಾರಂ ಇಟ್ಟು ಬೇರೆ ಕೆಲಸಕ್ಕೆ ಹೋಗುವುದು. ಅಲಾರಂ ಹೊಡೆದಾಗ ಬಂದು ನೋಡಿದರೆ ಹನ್ನೆರಡೂ ಬುಡದತನಕ ಉರಿದಿರುತ್ತಿದ್ದವು. ಚಿಕ್ಕಪ್ಪ ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದರು. ನಾನು ಕಿಟಕಿ ನೋಡುತ್ತಿದ್ದೆ.

ತಿಂಗಳು ಮುಗಿಯುವ ಮೊದಲೇ ಆಷಾಢ ಬಂತು. ಮೈಸೂರಿನ ಆಷಾಢ ಗೊತ್ತಲ್ಲ, ಮಳೆ ಎನ್ನುವಂತಿಲ್ಲ, ಬಿಸಿಲು ಎನ್ನುವಂತಿಲ್ಲ, ದಿನವಿಡೀ ಜಿನುಗು. ತಾರಸಿಯಲ್ಲಿ ಹರಡಿದ ಕಡ್ಡಿ ಒಣಗಿದ ಹಾಗೆ ಕಂಡರೂ ಒಳಗೆ ಹಸಿಯಾಗಿಯೇ ಇರುತ್ತದೆ. ಬೆಟ್ಟಕ್ಕೆ ಹೋಗುವವರು, ಮನೆಯಲ್ಲಿ ಪೂಜೆ ಮಾಡುವವರು ಎಲ್ಲರೂ ಆಷಾಢ ಶುಕ್ರವಾರಕ್ಕೆ ಊದುಬತ್ತಿ ಕೊಳ್ಳುವ ಕಾಲ. ನಮ್ಮ ಪೊಟ್ಟಣಗಳು ಊರಿನ ತುಂಬ ಹೋದವು. ಶನಿವಾರ ಬೆಳಗ್ಗೆಯಿಂದ ಫೋನು ಶುರುವಾಯಿತು. ಕಡ್ಡಿ ಅರ್ಧ ಉರಿದು ಆರಿಹೋಗುತ್ತಿದೆ ಎಂದು ಒಬ್ಬರ ಮೇಲೊಬ್ಬರು ಅಂಗಡಿಯವರು.

ಹೇಗೆ ಸಾಧ್ಯ, ಹನ್ನೆರಡಕ್ಕೆ ಹನ್ನೆರಡೂ ಉರಿದಿದ್ದವಲ್ಲ ಎಂದು ಚಿಕ್ಕಪ್ಪ ತಲೆಯ ಮೇಲೆ ಕೈ ಹೊತ್ತು ಕೂತರು. ಪೊಟ್ಟಣ ತುಂಬುತ್ತಿದ್ದ ಪುಟ್ಟಮ್ಮ ತಲೆಯೆತ್ತದೆಯೇ, "ಕಟ್ಟು ಕಟ್ಟಿ ಹಚ್ಚುದ್ರೆ ಹಸಿ ಕಡ್ಡೀನೂ ಉರೀತದೆ ಯಜಮಾನ್ರೆ. ಒಂದುಕ್ಕೊಂದು ಕಾವು ಕೊಡ್ತವೆ. ದೇವ್ರ ಮುಂದೆ ಜನ ಒಂದೋ ಎರಡೋ ತಾನೆ ಹಚ್ಚೋದು" ಎಂದರು. ಇಪ್ಪತ್ತು ವರ್ಷ ಊದುಬತ್ತಿ ಮಾಡಿದ ಮನುಷ್ಯನಿಗೆ ಇಷ್ಟು ಹೊಳೆಯಲಿಲ್ಲವೇ? ನನಗೆ ಒಳಗೊಳಗೇ ಖುಷಿಯಾಯಿತು. ಸುಳ್ಳು ಹೇಳುವುದಿಲ್ಲ, ಬಹಳವೇ ಖುಷಿಯಾಯಿತು.

ಆಮೇಲೆ ಬಂದ ಒಂದು ಫೋನು ಮಾತ್ರ ಅಂಗಡಿಯವರದಲ್ಲ. ಪೊಟ್ಟಣದ ಮೇಲಿನ ನಂಬರು ನೋಡಿ ಯಾರೋ ಹೆಂಗಸು ಮಾಡಿದ್ದರು. ಬೈಯಲಿಲ್ಲ. ಸೋಮವಾರ ತಮ್ಮ ಯಜಮಾನರಿಗೆ ಆಪರೇಷನ್ ಇದೆ, ದೇವರ ಮುಂದೆ ಹಚ್ಚಿದ ಕಡ್ಡಿ ಅರ್ಧಕ್ಕೇ ಆರಿತು, ಎರಡನೆಯದೂ ಆರಿತು, ಇದು ಕಡ್ಡಿಯ ದೋಷವೋ ಬೇರೇನೋ ಒಂದು ಹೇಳಿಬಿಡಿ ಎಂದು ಕೇಳಿದರು. ನಾನು ಆ ಮಾತನ್ನು ಹಾಗೆಯೇ ಚಿಕ್ಕಪ್ಪನಿಗೆ ಹೇಳಿದೆ. ಚಿಕ್ಕಪ್ಪ ಎದ್ದು ಬಂದು ಫೋನು ಇಸಕೊಂಡರು.

"ಅಮ್ಮ, ಅದು ನನ್ನ ತಪ್ಪಿಂದ ಆರಿದ್ದು. ಹಸಿ ಕಡ್ಡಿ ಕಳಿಸ್ಬಿಟ್ಟೆ. ದೇವರದ್ದೇನೂ ಇಲ್ಲ, ನೀವು ಧೈರ್ಯವಾಗಿರಿ" ಎಂದರು. ಅದನ್ನೇ ಮೂರು ಸಲ ಹೇಳಿದರು.

ಸೋಮವಾರ ಮೀಟಿಂಗು ಇರಲಿಲ್ಲ. ಚಿಕ್ಕಪ್ಪ ಪುಟ್ಟಮ್ಮನ ಹತ್ತಿರ ಹೋಗಿ, ಬನ್ನಿ, ಹೊಸ ಬ್ಯಾಚು ನೋಡಬೇಕು ಎಂದು ಕರೆದರು. ಪುಟ್ಟಮ್ಮ ಎದ್ದು ತಮ್ಮ ಮೂಲೆಗೆ ಹೋಗಿ, ಮರಳಿನ ಡಬ್ಬ ಒರೆಸಿ, ಮೂರು ಕಡ್ಡಿ ಚುಚ್ಚಿ ಹಚ್ಚಿದರು. ಮಂಡಿನೋವಿನ ಚಿಕ್ಕಪ್ಪ ಗೋಡೆ ಹಿಡಿದುಕೊಂಡು ನಿಧಾನವಾಗಿ ನೆಲದ ಮೇಲೆ ಅವರ ಪಕ್ಕ ಕೂತರು. ನಾನು ಆರ್ಡರಿನ ಚೀಟಿ ಹಿಡಿದು ಹೋದೆ. ಹೋದವಳು, ಇನ್ನೂ ಖುಷಿ ಆರಿರಲಿಲ್ಲ ನೋಡಿ, ಇವತ್ತು ಸುಮ್ಮನೆ ಕುಳಿತವರ ಪಟ್ಟಿಗೆ ನಿಮ್ಮ ಹೆಸರೂ ಸೇರಿಸಲೇ ಎಂದು ಕೇಳಿಯೇಬಿಟ್ಟೆ.

ಅವರು ನಗಲಿಲ್ಲ. ಕಡ್ಡಿಯ ಹೊಗೆಯನ್ನೇ ನೋಡುತ್ತ, "ನಂಗೆ ವಾಸನೆ ಬರಲ್ಲ ಕಣಮ್ಮ. ಕೊರೊನಾ ಬಂದಾಗ ಹೋಗಿದ್ದು, ಮತ್ತೆ ಬರಲೇ ಇಲ್ಲ" ಎಂದರು.

ನಮ್ಮ ಎಲ್ಲ ಊದುಬತ್ತಿಯ ಸುಗಂಧದ ಮಿಶ್ರಣವೂ ಚಿಕ್ಕಪ್ಪನ ಮೂಗಿನಿಂದಲೇ ಹುಟ್ಟಿದ್ದು. ಮೊದಲೆಲ್ಲ ಬೆಳಗಾದರೆ ಪ್ರತಿ ತಟ್ಟೆಯ ಮುಂದೆ ಬಗ್ಗಿ ಮೂಸಿ ನೋಡುತ್ತಿದ್ದರು. ಅದು ಯಾವಾಗಲೋ ನಿಂತುಹೋಗಿತ್ತು. ಯಜಮಾನಿಕೆಯ ದೌಲತ್ತು ಬಂತು ಎಂದುಕೊಂಡು ನಾನು ಆಡಿಕೊಂಡಿದ್ದೆ.

"ಪುಟ್ಟಮ್ಮ ಸರಿ ಅಂದ್ರೆ ಸರಿಯೋ ತಪ್ಪೋ ನಂಗೆ ತಿಳಿಯೋದೇ ಇಲ್ಲ. ತಿಳೀದೇ ಇರೋದನ್ನ ಹೆಂಗೆ ನಡೆಸೋದು ಹೇಳು. ನಿಮಿಷ ಆದ್ರೆ ಎಣಿಸಬಹುದು, ಪೊಟ್ಟಣ ಆದ್ರೆ ಎಣಿಸಬಹುದು. ಅಷ್ಟಾದ್ರೂ ನನ್ನ ಕೈಲಿ ಇರಲಿ ಅಂತ" ಎಂದರು.

"ನಂಗೊತ್ತಿತ್ತು ಬುಡಿ ಯಜಮಾನ್ರೆ," ಎಂದರು ಪುಟ್ಟಮ್ಮ. "ಅವತ್ತು ಸುಗಂಧದ ಸೀಸೆ ಮುಚ್ಚುಳ ತೆಗೆದು ಮೂಗಿಗೆ ಇಟ್ಕೊಂಡು ಅತ್ತಿದ್ರಿ. ನಾನು ಬಾಗ್ಲಲ್ಲೇ ಇದ್ದೆ."

ನನಗೆ ನಾಚಿಕೆಯಾಯಿತು. ಅಲ್ಲಿಂದ ಹೋಗಬೇಕೆನಿಸಿತು, ಹೋಗಲೂ ಆಗಲಿಲ್ಲ. ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡರು.

"ಈಗ ಏನು ಬರ್ತಾ ಇದೆ ಪುಟ್ಟಮ್ಮ?"

"ಮರುಗ ಬತ್ತಾ ಅದೆ. ಬೆಳಗಿನ ಹೊತ್ತು ಹೂವಿನ ಬುಟ್ಟಿ ಬಿಚ್ತಾರಲ್ಲ, ಅಂಗೆ."

"ಹೂಂ. ಮರುಗ ಕಮ್ಮಿ ಆಗ್ತಾ ಆಗ್ತಾ ಅದರ ಕೆಳಗಿಂದ ಗಂಧ ಏಳಬೇಕು. ನಾನು ಹಾಗೆ ಕಲಸಿದ್ದು."

"ತಡೀರಿ, ಇನ್ನೂ ಇಲ್ಲ."

ಇಬ್ಬರೂ ಕಾದರು. ನಾನೂ ಚೀಟಿ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತೆ. ನನಗೆ ಮೂಗು ಚೆನ್ನಾಗಿದೆ, ಆದರೂ ಮರುಗದ ಕೆಳಗೆ ಏನಿದೆಯೆಂದು ನನಗೆ ತಿಳಿಯಲಿಲ್ಲ. ಸುಮಾರು ಹೊತ್ತಾದ ಮೇಲೆ ಪುಟ್ಟಮ್ಮ ಮೆಲ್ಲಗೆ ಚಿಕ್ಕಪ್ಪನ ಕೈ ತಟ್ಟಿ, "ಬಂತು" ಎಂದರು.

ಕಣ್ಣು ಮುಚ್ಚಿಕೊಂಡೇ ಚಿಕ್ಕಪ್ಪ ದೀರ್ಘವಾಗಿ ಉಸಿರೆಳೆದುಕೊಂಡರು.